ರೋಲರ್‌ನಲ್ಲಿ ಹಚ್ಚಿದ ಪಿಯು ಕೆಟ್ಟರೆ: ಕೊಡಗಿನ ಮರದ ನೆಲಕ್ಕೊಂದು ದೋಷ ನಿವಾರಣೆ ಕೈಪಿಡಿ

ಮಡಿಕೇರಿ ದಸರಾಕ್ಕೆ ಇನ್ನು ಹತ್ತು ದಿನ ಇರುವಾಗ ಒಬ್ಬ ಹೋಂಸ್ಟೇ ಮಾಲೀಕರು ಫೋನ್ ಮಾಡಿದರು. ಮಹಡಿ ಕೋಣೆಯ ಮರದ ನೆಲಕ್ಕೆ ಪಿಯು, ಅಂದರೆ ಪಾಲಿಯುರೆಥೇನ್ ವಾರ್ನಿಷ್, ಹಚ್ಚಿಸಿದ್ದರಂತೆ. ಮೂರು ದಿನವಾದರೂ ಕಾಲಿಟ್ಟರೆ ಅಂಟುತ್ತದೆ. ಕಿಟಕಿ ಹತ್ತಿರ ಗುಳ್ಳೆ. ಹಿಂದಿನ ಗೋಡೆಯ ಮೂಲೆಯಲ್ಲಿ ಬಿಳಿ ಮಬ್ಬು. "ಡಬ್ಬಿಯೇ ನಕಲಿ ಇರಬೇಕು, ಅಲ್ವಾ ಅಣ್ಣ?" ಅಂತ ಕೇಳಿದರು. ಹೋಗಿ ನೋಡಿದೆ. ಡಬ್ಬಿ ಸರಿಯಾಗಿಯೇ ಇತ್ತು. ಆ ಒಂದೇ ಕೋಣೆಯಲ್ಲಿ ಮೂರು ಬೇರೆ ಬೇರೆ ದೋಷಗಳಿದ್ದವು. ಮೂರಕ್ಕೂ ಬೇರೆ ಬೇರೆ ಕಾರಣ.

ಇಂಥ ಫೋನ್ ನನಗೆ ಪ್ರತಿ ವರ್ಷ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮುಗಿಯುವ ತನಕ ಬರುತ್ತಲೇ ಇರುತ್ತದೆ. ಮಳೆ ಸ್ವಲ್ಪ ಬಿಟ್ಟಿದೆ, ರಜೆಗೆ ಜನ ಬರುತ್ತಾರೆ, ಅಷ್ಟರೊಳಗೆ ನೆಲ ಹೊಳೆಯಬೇಕು ಅನ್ನುವ ಅವಸರ ಎಲ್ಲರಿಗೂ. ಆದರೆ ಬಿಸಿಲು ಕಂಡ ಕೂಡಲೇ ಮರ ಒಣಗಿರುವುದಿಲ್ಲ. ಜೂನ್‌ನಿಂದ ನಾಲ್ಕು ತಿಂಗಳು ಹಲಗೆ ಕುಡಿದ ತೇವ ಹೊರಗೆ ಹೋಗಲು ವಾರಗಟ್ಟಲೆ ಬೇಕು. ನಾನು ಇಲ್ಲಿ ನೋಡಿದ ಪಿಯು ದೋಷಗಳಲ್ಲಿ ಜಾಸ್ತಿ ಪಾಲು ಶುರುವಾಗುವುದು ಇಲ್ಲಿಂದಲೇ. ರೋಲರ್ ಮೇಲೆ, ಡಬ್ಬಿ ಮೇಲೆ, ಕೆಲಸದವರ ಮೇಲೆ ತಪ್ಪು ಹಾಕುವ ಮೊದಲು ತೇವ ನೋಡಿ.

ಇನ್ನೊಂದು ಮಾತು. ಕಾರಣ ಗೊತ್ತಾಗುವ ತನಕ ಮೇಲೆ ಇನ್ನೊಂದು ಕೋಟ್ ಹಚ್ಚಬೇಡಿ. ದೋಷ ಮುಚ್ಚುವುದಿಲ್ಲ. ಆಮೇಲೆ ಒಂದರ ಬದಲು ಎರಡು ಕೋಟ್ ಕೆರೆಯಬೇಕಾಗುತ್ತದೆ, ಅಷ್ಟೇ.

ಯಾವಾಗ ಕಂಡಿತು, ಎಲ್ಲಿ ಕಂಡಿತು

ನಾನು ಹೋದ ಕಡೆಯೆಲ್ಲ ಮೊದಲು ಈ ಎರಡು ಪ್ರಶ್ನೆ ಕೇಳುತ್ತೇನೆ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಹಚ್ಚುತ್ತಿರುವಾಗಲೇ ಅಥವಾ ಅರ್ಧ ಗಂಟೆಯೊಳಗೆ ಕಂಡ ದೋಷವಾದರೆ ರೋಲರ್, ಬಿಸಿಲು, ನೆಲದ ಮೇಲಿನ ಜಿಡ್ಡು, ಇಲ್ಲವೇ ತೇವ ಕಾರಣ. ರಾತ್ರಿ ಕಳೆದು ಬೆಳಿಗ್ಗೆ ಕಂಡದ್ದಾದರೆ ಹವೆ, ಕೋಟಿನ ದಪ್ಪ, ಬೆರೆಸಿದ ಅಳತೆ, ಮರದ ಜಾತಿ ಇವುಗಳಲ್ಲಿ ಒಂದು. ತಿಂಗಳುಗಳ ನಂತರ ಕಂಡದ್ದಾದರೆ ಕೋಟ್ ಕೆಳಗಿನ ಪದರಕ್ಕೆ ಹಿಡಿದಿಲ್ಲ, ಅಥವಾ ಕೆಳಗಿನಿಂದ ತೇವ ಬರುತ್ತಿದೆ, ಅಥವಾ ಹಲಗೆಗಳೇ ಅಲುಗಾಡಿವೆ.

ಎಲ್ಲಿ ಅನ್ನುವುದು ಇನ್ನೂ ಮುಖ್ಯ. ಇಡೀ ಕೋಣೆಯಲ್ಲಿ ಒಂದೇ ರೀತಿ ಇದೆಯಾ? ಕಿಟಕಿಯ ಬೆಳಕು ಬೀಳುವ ಜಾಗದಲ್ಲಿ ಮಾತ್ರವಾ? ಹೊರಗೋಡೆಯ ಪಕ್ಕದಲ್ಲಾ? ಕೆಲವೇ ಹಲಗೆಗಳಲ್ಲಾ? ಒಂದು ಹಲಗೆ ಅಂಟಾಗಿ ಪಕ್ಕದ ಹಲಗೆ ಗಟ್ಟಿಯಾಗಿದ್ದರೆ ಹವೆಯನ್ನು ಬಯ್ಯುವುದು ಬಿಡಿ, ಹವೆ ಎರಡಕ್ಕೂ ಒಂದೇ. ತಪ್ಪು ಆ ಹಲಗೆಯಲ್ಲಿದೆ.

ನೆಲದ ನಕ್ಷೆಯನ್ನು ಒಂದು ಕಾಗದದ ಮೇಲೆ ಬರೆದು, ದೋಷ ಇರುವ ಜಾಗಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಕಿಟಕಿ, ಬಾಗಿಲು, ಬಚ್ಚಲು ಗೋಡೆ, ಅಡುಗೆಮನೆ ಎಲ್ಲಿವೆ ಅಂತಲೂ ಬರೆಯಿರಿ. ಐದು ನಿಮಿಷದ ಕೆಲಸ. ಎಷ್ಟೋ ಸಲ ಆ ಕಾಗದ ನೋಡಿದ ಕೂಡಲೇ ಕಾರಣ ಹೊಳೆದಿದೆ.

ಡಬ್ಬಿ ಯಾವುದು ಅನ್ನುವುದನ್ನೂ ಮರೆಯದೆ ಕೇಳಿ. ಎಣ್ಣೆ ಮೂಲದ ಒಂದೇ ಡಬ್ಬಿಯ ಪಿಯು ಗಾಳಿಯಲ್ಲಿರುವ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಎರಡನೇ ಕೋಟಿಗೆ ಸಾಮಾನ್ಯವಾಗಿ 8ರಿಂದ 24 ಗಂಟೆ ಕಾಯಬೇಕು. ನೀರಿನ ಪಿಯುನಲ್ಲಿ ಮೊದಲು ನೀರು ಆರಬೇಕು. ಒಳ್ಳೆಯ ಹವೆಯಲ್ಲಿ 2ರಿಂದ 4 ಗಂಟೆಗೆ ಮುಂದಿನ ಕೋಟ್ ಹಚ್ಚಬಹುದು. ಹಾರ್ಡನರ್ ಬೆರೆಸುವ ಎರಡು ಡಬ್ಬಿಯ ಪಿಯು ಹಾರ್ಡನರ್ ಜೊತೆ ಸೇರಿ ಗಟ್ಟಿಯಾಗುತ್ತದೆ. ಅದಕ್ಕೆ ತೇವ ಕಂಡರಾಗದು. ಮೂರೂ ಹಚ್ಚುವಾಗ ಒಂದೇ ರೀತಿ ಕಾಣುತ್ತವೆ, ಕೆಡುವ ರೀತಿ ಮಾತ್ರ ಬೇರೆ.

ತೇವ ಅಳೆಯುವುದು

ಕಾಫಿ ಒಣಗಿತೋ ಇಲ್ಲವೋ ಅಂತ ನೋಡದೆ ನಾವು ಕಣದಿಂದ ಚೀಲಕ್ಕೆ ತುಂಬುತ್ತೇವಾ? ಇಲ್ಲ ಅಲ್ವಾ. ಮರಕ್ಕೂ ಅಷ್ಟೇ ಗಮನ ಕೊಡಿ.

ಮರ ಸುತ್ತಲಿನ ಗಾಳಿಗೆ ತಕ್ಕಂತೆ ತೇವ ಹೀರುತ್ತದೆ, ಬಿಡುತ್ತದೆ. ಗಾಳಿಯ ತೇವಾಂಶ ಶೇ 50ರ ಹತ್ತಿರ ತುಂಬಾ ದಿನ ಇದ್ದರೆ ಮರದಲ್ಲಿ ಸುಮಾರು ಶೇ 9 ತೇವ ನಿಲ್ಲುತ್ತದೆ. ಶೇ 65 ಇದ್ದರೆ ಶೇ 12. ಶೇ 90 ಇದ್ದರೆ ಮರದ ತೇವ ಶೇ 20ರ ಆಸುಪಾಸಿಗೆ ಏರುತ್ತದೆ. ಕಕ್ಕಡದಲ್ಲಿ (ಜುಲೈ–ಆಗಸ್ಟ್‌ನ ಮಳೆಯ ತಿಂಗಳು) ಭಾಗಮಂಡಲದ ಕಡೆ, ಮಡಿಕೇರಿಯ ಮೇಲುಭಾಗದಲ್ಲಿ ಗಾಳಿ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಬಟ್ಟೆ ವಾರವಾದರೂ ಒಣಗುವುದಿಲ್ಲ. ಹಲಗೆಯೂ ಅದೇ ಗಾಳಿಯಲ್ಲೇ ಇರುತ್ತದೆ. ಕುಶಾಲನಗರದ ಕಡೆ ಮಳೆ ಕಡಿಮೆ, ಅಲ್ಲಿ ಲೆಕ್ಕ ಬೇರೆ. ಮಡಿಕೇರಿಗೂ ಕುಶಾಲನಗರಕ್ಕೂ ನಡುವೆ 30 ಕಿ.ಮೀ. ಅಷ್ಟೇ ದೂರ. ಆದರೂ ಅಲ್ಲಿ ಸರಿಹೋದ ಕೆಲಸ ಇಲ್ಲಿ ಹಾಗೇ ಸರಿಹೋಗುತ್ತದೆ ಅಂದುಕೊಳ್ಳಬೇಡಿ.

ನಾನು ಇಟ್ಟುಕೊಂಡಿರುವ ಗಡಿ ಶೇ 12. ಮರದ ತೇವ ಅಳೆಯುವ, ಮುಳ್ಳು ಚುಚ್ಚುವ ಮೀಟರ್ ಇದ್ದರೆ ಕೋಣೆಯ ಹತ್ತು ಕಡೆ ಚುಚ್ಚಿ ನೋಡಿ. ಹೊರಗೋಡೆಯ ಪಕ್ಕ, ಬಚ್ಚಲಿನ ಪಕ್ಕ, ನಡುವೆ, ಎಲ್ಲ ಕಡೆಯೂ. ಕಾಫಿಯ ಮೀಟರ್ ಇದಕ್ಕೆ ಆಗುವುದಿಲ್ಲ. ಅದರ ಲೆಕ್ಕ ಬೀಜಕ್ಕೆ ಹೊಂದಿಸಿದ್ದು.

ಮೀಟರ್ ಇಲ್ಲದಿದ್ದರೂ ದಾರಿ ಇದೆ. ಅದೇ ನೆಲದ ಒಂದು ತುಂಡು ಹಲಗೆ ತೆಗೆದುಕೊಂಡು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಕ ಮಾಡಿ. ಆಮೇಲೆ ಕೇಕ್ ಮಾಡುವ ಓವನ್‌ನಲ್ಲಿ 100ರಿಂದ 105 ಡಿಗ್ರಿಯಲ್ಲಿ, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ. ಮೊದಲು 112 ಗ್ರಾಂ ಇದ್ದದ್ದು 100 ಗ್ರಾಮಿಗೆ ನಿಂತರೆ ಶೇ 12 ತೇವ ಇತ್ತು ಅಂತ. 118 ಇದ್ದದ್ದು 100ಕ್ಕೆ ಬಂದರೆ ಶೇ 18. ಆ ನೆಲಕ್ಕೆ ಈಗ ರೋಲರ್ ಮುಟ್ಟಿಸಬೇಡಿ.

ನೆಲಮಟ್ಟದ ಕೋಣೆಯಲ್ಲಿ ಸಿಮೆಂಟ್ ಮೇಲೆ ಹಲಗೆ ಹಾಸಿದ್ದರೆ ಕೆಳಗಿನ ತೇವವನ್ನೂ ನೋಡಬೇಕು. ಎರಡು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಬರಿ ನೆಲದ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಬಿಡಿ. ಮರುದಿನ ಹಾಳೆಯ ಒಳಗೆ ಹನಿ ಕಂಡರೆ, ಅಥವಾ ಆ ಜಾಗ ಕಪ್ಪಾಗಿದ್ದರೆ ತೇವ ಕೆಳಗಿನಿಂದ ಏರುತ್ತಿದೆ. ಅದನ್ನು ಯಾವ ಪಿಯು ಕೂಡ ತಡೆಯುವುದಿಲ್ಲ. ಮೊದಲು ಗೋಡೆಯ ಹೊರಗಿನ ಚರಂಡಿ, ಮಣ್ಣಿನ ಮಟ್ಟ ಸರಿಮಾಡಿಸಿ.

ಗುಳ್ಳೆಗಳು

ಎಲ್ಲರೂ ರೋಲರನ್ನು ಬಯ್ಯುವುದು ಇಲ್ಲೇ. ರೋಲರ್‌ನಿಂದಲೂ ಗುಳ್ಳೆ ಬರುತ್ತದೆ ನಿಜ. ಆದರೆ ಗುಳ್ಳೆಯಲ್ಲಿ ನಾಲ್ಕು ಬಗೆ ಇವೆ. ಅವು ಕೂತಿರುವ ಜಾಗ ನೋಡಿದರೆ ಬಗೆ ಗೊತ್ತಾಗುತ್ತದೆ.

ಇಡೀ ನೆಲದಲ್ಲಿ ಒಂದೇ ಸಮ ಸಣ್ಣ ಗುಳ್ಳೆ ಇದ್ದು, ಹಚ್ಚಿದ ಕೂಡಲೇ ಕಂಡರೆ ಅದು ರೋಲರ್ ಅಥವಾ ಡಬ್ಬಿಯದ್ದು. ಡಬ್ಬಿಯನ್ನು ಕುಲುಕಿದರೆ ಗಾಳಿ ಸೇರುತ್ತದೆ. ಪಿಯು ಡಬ್ಬಿಯನ್ನು ಕುಲುಕಬಾರದು. ಚಪ್ಪಟೆ ಕಡ್ಡಿಯಲ್ಲಿ ತಳ ಕೆರೆಯುತ್ತಾ ನಿಧಾನವಾಗಿ ತಿರುಗಿಸಿ. ರೋಲರ್ ಜೋರಾಗಿ ಓಡಿಸಿದರೂ ಗಾಳಿ ಸೇರುತ್ತದೆ. ಸ್ಪಂಜಿನ ರೋಲರ್ ಆದರೆ ಇನ್ನೂ ಜಾಸ್ತಿ. ಥಿನ್ನರ್ ಇರುವ ಪಿಯುನಲ್ಲಿ ಕೆಲವು ಸ್ಪಂಜು ಊದಿಕೊಂಡು ಪುಡಿಯಾಗಿಯೂ ಬೀಳುತ್ತದೆ. ನೀರಿನ ಪಿಯುಗೆ 5–6 ಮಿ.ಮೀ. ಕೂದಲಿನ ಮೈಕ್ರೋಫೈಬರ್ ರೋಲರ್ ಸಾಕು. ಎಣ್ಣೆಯದ್ದಕ್ಕೂ ಎರಡು ಡಬ್ಬಿಯದ್ದಕ್ಕೂ ಥಿನ್ನರ್ ತಡೆಯುವ ಗಿಡ್ಡ ಕೂದಲಿನದ್ದು ಬೇಕು. ಗೋಡೆಗೆ ಡಿಸ್ಟೆಂಪರ್ ಹೊಡೆಯುವ ಉದ್ದ ಕೂದಲಿನ ರೋಲರನ್ನು ನೆಲಕ್ಕೆ ತರಲೇಬೇಡಿ.

ಕಿಟಕಿಯಿಂದ ಬಿಸಿಲು ಬೀಳುವ ಜಾಗದಲ್ಲಿ ಮಾತ್ರ ಗುಳ್ಳೆ ಇದ್ದರೆ ಅದು ಮರದೊಳಗಿನ ಗಾಳಿ. ಬೆಳಿಗ್ಗೆ ಹಲಗೆ ತಣ್ಣಗಿರುತ್ತದೆ. ಆಗ ಹಚ್ಚುತ್ತೀರಿ. ಹತ್ತು ಗಂಟೆಗೆ ಬಿಸಿಲು ಬಿದ್ದು ಹಲಗೆ ಕಾಯುತ್ತದೆ. ಮರದ ರಂಧ್ರಗಳಲ್ಲಿರುವ ಗಾಳಿ ಹಿಗ್ಗಿ ಒದ್ದೆ ಕೋಟನ್ನು ನೂಕಿ ಮೇಲೆ ಬರುತ್ತದೆ. ತೇಗದ ರಂಧ್ರ ದೊಡ್ಡದು, ಹಾಗಾಗಿ ಅದರಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಗುಳ್ಳೆಗಳು ಮರದ ಎಳೆಯ ಗುಂಟ ಸಾಲಾಗಿ ಕೂತಿರುತ್ತವೆ. ಮೊದಲ ಕೋಟನ್ನು ಮಧ್ಯಾಹ್ನ ಮೂರರ ನಂತರ, ಹಲಗೆ ತಣ್ಣಗಾಗುತ್ತಾ ಇರುವಾಗ ಹಚ್ಚಿ. ಆಗ ಮರ ಕೋಟನ್ನು ಒಳಗೆ ಎಳೆದುಕೊಳ್ಳುತ್ತದೆ. ಬೇಗ ಆರುವ ಪಿಯುಗೆ ಈ ಹೊತ್ತು ಚೆನ್ನ. ಎಣ್ಣೆಯದ್ದು ಹಚ್ಚಿದರೆ ರಾತ್ರಿಯ ಥಂಡಿಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಅಂಥ ದಿನ ಕಿಟಕಿಗೆ ಪರದೆ ಕಟ್ಟಿ ಸ್ವಲ್ಪ ಮೊದಲೇ ಹಚ್ಚುವುದು ಮೇಲು.

ಮೂರನೆಯದು ಎರಡು ಡಬ್ಬಿಯ ಪಿಯುನ ಗುಳ್ಳೆ. ಹಚ್ಚಿದಾಗ ನೆಲ ಕನ್ನಡಿಯಂತೆ ಇರುತ್ತದೆ. ಇಪ್ಪತ್ತು ಮೂವತ್ತು ನಿಮಿಷ ಕಳೆದ ಮೇಲೆ ಕೋಟಿನ ಒಳಗಿನಿಂದ ಸೂಜಿಮೊನೆಯಷ್ಟು ಗುಳ್ಳೆಗಳು ಏಳುತ್ತವೆ. ಇದು ತೇವದ ಆಟ. ಹಾರ್ಡನರ್‌ನಲ್ಲಿರುವ ಐಸೊಸೈನೇಟ್ ಅನ್ನುವ ರಾಸಾಯನಿಕ ನೀರಿನ ಜೊತೆ ಸೇರಿದರೆ ಇಂಗಾಲದ ಡೈಆಕ್ಸೈಡ್ ಅನಿಲ ಹುಟ್ಟುತ್ತದೆ. ಆ ಅನಿಲವೇ ಗುಳ್ಳೆ. ಒದ್ದೆ ಮರ, ತೊಳೆದು ಪೂರ್ತಿ ಒಣಗದ ಟ್ರೇ, ಮಂಜು ತುಂಬಿದ ಗಾಳಿ, ಯಾವುದರಿಂದಲೂ ಆಗಬಹುದು. ಹಾರ್ಡನರ್ ಡಬ್ಬಿಯನ್ನು ತೆರೆದು ನೋಡಿ. ಒಳಗೆ ಬಿಳಿ ಪದರ ಕಟ್ಟಿದ್ದರೆ ಅಥವಾ ಮಬ್ಬಾಗಿದ್ದರೆ ಅದು ಆಗಲೇ ತೇವ ಕುಡಿದಿದೆ. ಮೇನಲ್ಲಿ ತೆರೆದು ಅರ್ಧ ಬಳಸಿ ಮುಚ್ಚಿಟ್ಟ ಹಾರ್ಡನರನ್ನು ಅಕ್ಟೋಬರ್‌ನಲ್ಲಿ ಬಳಸಬೇಡಿ. ದುಡ್ಡು ಹೋದರೂ ಪರವಾಗಿಲ್ಲ, ಬಿಸಾಡಿ.

ಕೊನೆಯದು ದಪ್ಪ ಕೋಟ್. ಮೇಲ್ಮೈ ಬೇಗ ಕೆನೆ ಕಟ್ಟಿ ಒಳಗಿನ ಥಿನ್ನರ್ ಅಥವಾ ನೀರು ಹೊರಗೆ ಬರಲಾರದೆ ಗುಳ್ಳೆಯಾಗುತ್ತದೆ. ನೆಲದ ಮೇಲೆ ನೇರ ಫ್ಯಾನ್ ಹಾಕಿದರೂ ಹೀಗೇ ಆಗುತ್ತದೆ. ದಪ್ಪವಾಗಿತ್ತೋ ಅಂತ ತಿಳಿಯಲು ಖರ್ಚಾದ ಡಬ್ಬಿ ಲೆಕ್ಕ ಹಾಕಿ. ಒಂದು ಲೀಟರಿಗೆ ಒಂದು ಕೋಟ್ ಸುಮಾರು 100ರಿಂದ 130 ಚದರಡಿ ಬರಬೇಕು. 12 ಅಡಿಗೆ 14 ಅಡಿಯ ಕೋಣೆ ಅಂದರೆ 168 ಚದರಡಿ, ಹೆಚ್ಚುಕಡಿಮೆ ಒಂದೂವರೆ ಲೀಟರ್. ಎರಡೂವರೆ ಲೀಟರ್ ಹೋಗಿದೆ ಅಂದರೆ ಕೋಟ್ ದಪ್ಪವಾಗಿತ್ತು.

ಯಾವ ಗುಳ್ಳೆಯಾದರೂ ಒದ್ದೆಯಿರುವಾಗ ತಿದ್ದಲು ಹೋಗಬೇಡಿ. ಪೂರ್ತಿ ಗಟ್ಟಿಯಾಗಲಿ. ಆಮೇಲೆ 180 ಅಥವಾ 220 ನಂಬರಿನ ಉಪ್ಪು ಕಾಗದದಲ್ಲಿ ಗುಳ್ಳೆಯ ಗುಂಡಿ ಮಾಯವಾಗುವ ತನಕ ಉಜ್ಜಿ, ಪುಡಿ ತೆಗೆದು, ಕಾರಣ ಸರಿಮಾಡಿಕೊಂಡು ತೆಳುವಾಗಿ ಹಚ್ಚಿ.

ಒಣಗದ ನೆಲ

ಮನೆಯವರಿಗೆ ತುಂಬಾ ಬೇಸರ ತರುವ ದೋಷ ಇದು. ಕಾಲಿಡಲು ಆಗುವುದಿಲ್ಲ, ಬಿಡಲೂ ಆಗುವುದಿಲ್ಲ. ಉಗುರಿನಲ್ಲಿ ಒತ್ತಿ ನೋಡಿ. ಮೇಲೆ ಒಣಗಿದಂತಿದ್ದು ಉಗುರಿನ ಗುರುತು ಉಳಿದರೆ ಒಳಗೆ ಇನ್ನೂ ಹಸಿ. ಬೆರಳೇ ಅಂಟಿದರೆ ಗಟ್ಟಿಯಾಗುವ ಕೆಲಸವೇ ನಿಂತಿದೆ.

ಹಳೆ ಮನೆಗಳಲ್ಲಿ ಒಂದೇ ಕೋಣೆಗೆ ನಾಲ್ಕು ಜಾತಿಯ ಮರ ಹಾಕಿರುತ್ತಾರೆ. ತೋಟದಲ್ಲಿ ಬಿದ್ದ ಮರ, ಹಳೆ ಕಟ್ಟಡ ಕೆಡವಿದಾಗ ಸಿಕ್ಕಿದ ಹಲಗೆ, ಹೀಗೆ. ತೇಗ, ಮತ್ತಿ, ಹಲಸು, ನಡುವೆ ಕಪ್ಪಾಗಿ ನಾಲ್ಕು ಬೀಟೆ ಹಲಗೆ. ಎಣ್ಣೆಯ ಪಿಯು ಹಚ್ಚಿದ ಮೇಲೆ ಆ ಬೀಟೆ ಹಲಗೆಗಳು ಮಾತ್ರ ವಾರವಾದರೂ ಅಂಟು ಅಂಟು. ಬೀಟೆಯಲ್ಲಿ, ಸ್ವಲ್ಪ ಮಟ್ಟಿಗೆ ತೇಗದಲ್ಲಿ ಕೂಡ, ಇರುವ ಸಹಜ ಜಿಡ್ಡು ಪಿಯು ಆಮ್ಲಜನಕದ ಜೊತೆ ಸೇರುವುದನ್ನು ತಡೆಯುತ್ತದೆ. ಅದೇ ಜಿಡ್ಡಿನಿಂದಲೇ ಆ ಮರಕ್ಕೆ ಗೆದ್ದಲು ಬೇಗ ಹತ್ತುವುದಿಲ್ಲ. ಮರದ ಒಳ್ಳೆಯ ಗುಣವೇ ಇಲ್ಲಿ ತೊಂದರೆ ಕೊಡುತ್ತದೆ.

ಎಷ್ಟು ಕಾದರೂ ಇದು ಸರಿಹೋಗುವುದಿಲ್ಲ. ಅಂಟಾದ ಕೋಟನ್ನು ಸ್ಕ್ರೇಪರ್ ಪಟ್ಟಿಯಿಂದ ಕೆರೆದು ತೆಗೆಯಿರಿ. ಉಪ್ಪು ಕಾಗದ ಹಾಕಿದರೆ ಕಾಗದವೇ ಕಟ್ಟಿಕೊಳ್ಳುತ್ತದೆ. ಥಿನ್ನರ್ ಅದ್ದಿದ ಬಿಳಿ ಬಟ್ಟೆಯಲ್ಲಿ, ಬಟ್ಟೆಗೆ ಬಣ್ಣ ಹತ್ತುವುದು ಕಡಿಮೆಯಾಗುವ ತನಕ ಒರೆಸಿ. ಒಂದು ತಾಸಿನ ನಂತರ ಮೇಣ ತೆಗೆದ ಅರಗಿನ ಪಾಲಿಶ್ ತೆಳುವಾಗಿ ಒಂದು ಕೈ ಹಚ್ಚಿ. ಮೇಣ ತೆಗೆದದ್ದು ಅಂತ ಕೇಳಿಯೇ ಕೊಳ್ಳಿ, ಸಾಮಾನ್ಯ ಅರಗಿನಲ್ಲಿ ಮೇಣ ಇರುತ್ತದೆ, ಅದರ ಮೇಲೆ ಪಿಯು ಹಿಡಿಯುವುದಿಲ್ಲ. ಅರಗು ಒಣಗಿದ ಮೇಲೆ ಪಿಯು ಹಚ್ಚಿ.

ಇಡೀ ಕೋಣೆಯೇ ಒಣಗದಿದ್ದರೆ ಹವೆ ನೋಡಿ. ರಾತ್ರಿ ಚಳಿಗೆ ಎಣ್ಣೆಯ ಪಿಯು ತುಂಬಾ ನಿಧಾನ. ಕಿಟಕಿಯೆಲ್ಲ ಮುಚ್ಚಿದ್ದರೆ ಥಿನ್ನರ್ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಬಿಸಿ ಮಾಡಲು ಅಗ್ಗಿಷ್ಟಿಕೆ ಇಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಥಿನ್ನರ್ ಹಬೆ ತುಂಬಿದ ಕೋಣೆಗೆ ಬೆಂಕಿ ಹತ್ತಿಕೊಳ್ಳುತ್ತದೆ. ಗ್ಯಾಸ್ ಹೀಟರ್ ಕೂಡ ಬೇಡ, ಬೆಂಕಿಯ ಭಯ ಒಂದು ಕಡೆ, ಗ್ಯಾಸ್ ಉರಿದಾಗ ನೀರಾವಿ ಹುಟ್ಟಿ ಕೋಣೆಯ ತೇವ ಇನ್ನೂ ಏರುತ್ತದೆ. ಎರಡು ಕಿಟಕಿ ಸ್ವಲ್ಪ ತೆರೆದು, ಪಕ್ಕದ ಕೋಣೆಯಲ್ಲಿ ಫ್ಯಾನ್ ಹಾಕಿ ಗಾಳಿ ಆಡುವಂತೆ ಮಾಡಿ. ನಾಲ್ಕು ದಿನ ಕಾಯಿರಿ. ಕೋಟ್ ತೆಳುವಾಗಿದ್ದರೆ ಒಣಗುತ್ತದೆ.

ಎರಡು ಡಬ್ಬಿಯ ಪಿಯು ಒಣಗಿಲ್ಲ ಅಂದರೆ ಅಳತೆ ತಪ್ಪಿದೆ, ಇಲ್ಲವೇ ಥಿನ್ನರ್ ತಪ್ಪಿದೆ. ಹಾರ್ಡನರ್ ಕಡಿಮೆಯಾದರೆ ನೆಲ ಮೆತ್ತಗೆ ಉಳಿಯುತ್ತದೆ. ಬೇಗ ಒಣಗಲಿ ಅಂತ ಒಂದು ಲೋಟ ಜಾಸ್ತಿ ಸುರಿದರೆ ಕೋಟ್ ಪೆಡಸಾಗಿ ಬಿರುಕು ಬಿಡುತ್ತದೆ. ಡಬ್ಬಿಯ ಮೇಲೆ ಬರೆದ ಅಳತೆಗೆ ಅಳತೆ ಜಾಡಿ ಬಳಸಿ, ಕಣ್ಣಂದಾಜು ಬೇಡ. ಥಿನ್ನರ್ ವಿಷಯ ಇನ್ನೂ ಮುಖ್ಯ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ, ನೈಟ್ರೋಸೆಲ್ಯುಲೋಸ್ ಪಾಲಿಶ್‌ಗೆ ಬಳಸುವ ಎನ್‌ಸಿ ಥಿನ್ನರ್‌ನಲ್ಲಿ ಆಲ್ಕೋಹಾಲ್ ಇರುತ್ತದೆ. ಅದು ಹಾರ್ಡನರನ್ನು ತಾನೇ ತಿಂದುಹಾಕುತ್ತದೆ. ಪಿಯುಗೆ ಪಿಯು ಥಿನ್ನರೇ ಬೇಕು. ಇಂಥ ಎಷ್ಟೋ ನೆಲ ನೋಡಿದ್ದೇನೆ, ಡಬ್ಬಿಗೆ ಸಾವಿರಾರು ರೂಪಾಯಿ ಕೊಟ್ಟು ಥಿನ್ನರ್‌ನಲ್ಲಿ ನೂರಿನ್ನೂರು ಉಳಿಸಿ ಇಡೀ ಕೋಣೆ ಕೆಟ್ಟದ್ದು. ನಿಜವಾಗಿ ಹೊಟ್ಟೆ ಉರಿಯುತ್ತದೆ. ಹೀಗೆ ಕೆಟ್ಟದ್ದನ್ನು ಪೂರ್ತಿ ಕೆರೆಯದೆ ಬೇರೆ ದಾರಿ ಇಲ್ಲ.

ಬಿಳಿ ಮಬ್ಬು

ಬೆಳಿಗ್ಗೆ ಎದ್ದು ನೋಡಿದರೆ ನೆಲದ ಮೇಲೆ ಮಂಜು ಕೂತಂತೆ. ನಿಜಕ್ಕೂ ಮಂಜೇ ಅದು. ಗಾಳಿಯ ತೇವ ತಣ್ಣನೆಯ ಕೋಟಿನ ಮೇಲೆ ಇಬ್ಬನಿಯಾಗಿ ಕೂತು ಒಳಗೆ ಸಿಕ್ಕಿಕೊಂಡಿದೆ.

20 ಡಿಗ್ರಿ ಸೆಲ್ಸಿಯಸ್, ಶೇ 90 ತೇವಾಂಶ ಇದ್ದರೆ ಇಬ್ಬನಿ ಕೂರುವ ಮಟ್ಟ ಸುಮಾರು 18 ಡಿಗ್ರಿ. ನೆಲ ಅದಕ್ಕಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು ಅನ್ನುವುದು ಬಣ್ಣದ ಕೆಲಸದ ನಿಯಮ. ಅಂದರೆ 21 ದಾಟಬೇಕು. ಕೋಣೆಯೇ 20 ಇರುವಾಗ ನೆಲ 21 ಎಲ್ಲಿಂದ ಬರುತ್ತದೆ? ಅದೇ 26 ಡಿಗ್ರಿ, ಶೇ 60 ಇದ್ದ ದಿನ ಇಬ್ಬನಿ ಮಟ್ಟ 18ರ ಒಳಗೇ ಇರುತ್ತದೆ. ನೆಲ ಎಂಟು ಡಿಗ್ರಿ ಮೇಲಿದೆ, ಧೈರ್ಯವಾಗಿ ಹಚ್ಚಬಹುದು. ತೇವ ಮತ್ತು ಉಷ್ಣತೆ ಎರಡನ್ನೂ ತೋರಿಸುವ ಸಣ್ಣ ಯಂತ್ರ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಕೋಣೆಯ ಮೂಲೆಯಲ್ಲಿ ನೆಲದ ಮೇಲೆಯೇ ಇಡಿ, ಗೋಡೆಯ ಮೊಳೆಗೆ ನೇತು ಹಾಕಬೇಡಿ.

ಮಬ್ಬು ಮೇಲಿದೆಯೋ ಒಳಗಿದೆಯೋ ಅಂತ ನೋಡಲು ಮೂಲೆಯಲ್ಲಿ ಒಂದು ಚೂರು 220ರ ಕಾಗದದಲ್ಲಿ ಉಜ್ಜಿ, ಥಿನ್ನರ್ ಅದ್ದಿದ ಬಟ್ಟೆ ಆಡಿಸಿ. ಹೋದರೆ ಮೇಲಿನದ್ದು. ನೆಲ ಒಣಗಿದ ದಿನ ಉಜ್ಜಿ ಒಂದು ಕೋಟ್ ಕೊಟ್ಟರೆ ಸಾಕು. ಹೋಗದಿದ್ದರೆ ಮರದಿಂದಲೇ ತೇವ ಬಂದಿದೆ. ಆ ಜಾಗವನ್ನು ಮರದ ತನಕ ಕೆರೆದು, ಒಣಗಿಸಿ, ಮೀಟರ್ ಇಟ್ಟು ನೋಡಿ ಹಚ್ಚಿ.

ರೋಲರ್ ಗೆರೆ, ಅಂಚಿನ ಚೌಕಟ್ಟು

ರೋಲರ್‌ನ ಎರಡು ತುದಿಯಲ್ಲಿ ದಪ್ಪ ಗೆರೆ ಬಿದ್ದಿದ್ದರೆ ಒತ್ತಿ ಹಿಡಿದಿದ್ದೀರಿ. ಕೊನೆಯ ಸುತ್ತಿನಲ್ಲಿ ರೋಲರ್‌ನ ತೂಕ ಮಾತ್ರ ನೆಲದ ಮೇಲಿರಬೇಕು, ಕೈಯ ತೂಕ ಬೇಡ. ಹಲಗೆಯ ಉದ್ದಕ್ಕೆ, ಒಂದೇ ದಿಕ್ಕಿಗೆ, ಗೋಡೆಯಿಂದ ಗೋಡೆಗೆ ನಿಲ್ಲಿಸದೆ ಎಳೆಯಿರಿ. ನಡುವೆ ನಿಲ್ಲಿಸಿದರೆ ಅಲ್ಲೊಂದು ಗುರುತು. ಉದ್ದ ಕೋಲು ಹಾಕಿ ನಿಂತೇ ಮಾಡಿ. ಕೂತು ಮಾಡಿದರೆ ಕೈ ಎಟುಕುವಷ್ಟರಲ್ಲೇ ಗೆರೆ ನಿಲ್ಲುತ್ತದೆ.

ಗೋಡೆಯ ಸುತ್ತ ಚಿತ್ರಪಟದ ಕಟ್ಟಿನ ಹಾಗೆ ಕಪ್ಪು ಪಟ್ಟಿ ಕಂಡರೆ, ಬ್ರಷ್‌ನಲ್ಲಿ ಹಚ್ಚಿದ ಅಂಚು ಒಣಗಿದ ಮೇಲೆ ರೋಲರ್ ಬಂದಿದೆ. ನಾಲ್ಕೂ ಗೋಡೆಗೆ ಮೊದಲೇ ಬ್ರಷ್ ಮುಗಿಸುವ ಅಭ್ಯಾಸ ಬಿಡಿ. ಒಬ್ಬರು ಬ್ರಷ್, ಇನ್ನೊಬ್ಬರು ಹಿಂದೆಯೇ ರೋಲರ್. ಒಬ್ಬರೇ ಇದ್ದರೆ ಮೂರು ನಾಲ್ಕು ಅಡಿ ಅಂಚು ಹಚ್ಚಿ, ಕೂಡಲೇ ರೋಲರ್ ಹಿಡಿಯಿರಿ. ಮಾರ್ಚ್‌ನಲ್ಲಿ ಕುಶಾಲನಗರದ ಸೆಕೆಗೆ ನೀರಿನ ಪಿಯು ಹತ್ತು ನಿಮಿಷಕ್ಕೇ ಹಿಡಿದುಕೊಳ್ಳುತ್ತದೆ. ಅಲ್ಲಿ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ ಹಚ್ಚಬೇಕು. ಮಡಿಕೇರಿಯ ಡಿಸೆಂಬರ್‌ನಲ್ಲಿ ಈ ತೊಂದರೆ ಇಲ್ಲ.

ಕೋಟಿನಲ್ಲಿ ಕೂದಲು ಸಿಕ್ಕಿಕೊಂಡರೆ ಹೊಸ ರೋಲರ್‌ನ ತಪ್ಪು. ಬಳಸುವ ಮೊದಲು ಮಾಸ್ಕಿಂಗ್ ಟೇಪನ್ನು ಅದರ ಸುತ್ತ ಒತ್ತಿ ಕೀಳಿ, ಎರಡು ಮೂರು ಸಲ. ಧೂಳಾದರೆ ಅದು ಹೊರಗಿನದ್ದು. ಕಾಫಿ ಕೊಯ್ಲಿನ ದಿನಗಳಲ್ಲಿ ಕಣದ ಧೂಳು, ಸಿಪ್ಪೆ ಸುಲಿಯುವ ಹಲ್ಲರ್‌ನ ಹೊಟ್ಟು ಗಾಳಿಯಲ್ಲಿ ಇದ್ದೇ ಇರುತ್ತದೆ. ಕಣದ ಕಡೆಯ ಕಿಟಕಿ ಮುಚ್ಚಿ. ನೀರಿನ ಪಿಯುಗೆ ಕೋಟಿನ ನಡುವೆ ಕಬ್ಬಿಣದ ಉಣ್ಣೆಯಲ್ಲಿ (ಸ್ಟೀಲ್ ವೂಲ್) ಉಜ್ಜಬೇಡಿ. ಉಳಿದ ಎಳೆ ತುಕ್ಕು ಹಿಡಿದು ಚುಕ್ಕಿಯಾಗುತ್ತದೆ.

ಕಣ್ಣುಗುಳಿ

ಹಚ್ಚಿದ ಕೂಡಲೇ ಪಿಯು ಅಲ್ಲಲ್ಲಿ ಹಿಂದೆ ಸರಿದು ಗುಂಡನೆಯ ಬೋಳು ಜಾಗ ಬಿಟ್ಟರೆ ಅಲ್ಲಿ ಜಿಡ್ಡು ಅಥವಾ ಮೇಣ ಇದೆ. ಸಿಲಿಕಾನ್ ಇರುವ ಫರ್ನಿಚರ್ ಸ್ಪ್ರೇ ಅತಿ ಕೆಟ್ಟದ್ದು. ನಮ್ಮ ಹಳೆ ಮನೆಗಳಲ್ಲಿ ಇನ್ನೊಂದು ಕಾರಣ ಇದೆ. ಸೌದೆ ಒಲೆಯ ಹೊಗೆ ವರ್ಷಗಟ್ಟಲೆ ಮೇಲಿನ ಅಟ್ಟದ ಹಲಗೆಗೆ ಹತ್ತಿರುತ್ತದೆ. ಒಗ್ಗರಣೆ ಜಿಡ್ಡು, ಹಂದಿ ಮಾಂಸ ಬೇಯಿಸಿದ ಕೊಬ್ಬು ಎಲ್ಲ ಅದರಲ್ಲಿ ಸೇರಿರುತ್ತದೆ. ಉಜ್ಜಿದ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಕೆಸುವಿನೆಲೆಯ ಮೇಲಿನಂತೆ ಉಂಡೆಯಾಗಿ ನಿಂತರೆ ಜಿಡ್ಡು ಇನ್ನೂ ಇದೆ. ಹರಡಿ ಒಳಗೆ ಇಳಿದರೆ ಸರಿ.

ಐನ್ಮನೆಗಳ (ಕೊಡವರ ಕುಟುಂಬದ ಮೂಲಮನೆ) ಹಳೆ ಹಲಗೆಗೆ ಪಿಯು ಹಚ್ಚಿಕೊಡಿ ಅಂತ ಕೇಳಿದವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ತಲೆಮಾರುಗಳ ಎಣ್ಣೆ, ಮೇಣ ಕುಡಿದ ಮರ ಅದು. ಪಿಯು ಹಿಡಿಯಬೇಕಾದರೆ ಆ ಮೇಲ್ಮೈಯನ್ನೇ ಉಜ್ಜಿ ತೆಗೆಯಬೇಕು. ಒಮ್ಮೆ ತೆಗೆದರೆ ಮತ್ತೆ ಬರುವುದಿಲ್ಲ. ಅಲ್ಲಿಗೆ ಮೇಣವೇ ಚೆನ್ನ, ಸವೆದ ಜಾಗಕ್ಕೆ ಮಾತ್ರ ಹಚ್ಚಿಕೊಳ್ಳಬಹುದು.

ತಿಂಗಳುಗಳ ನಂತರ ಏಳುವ ಸಿಪ್ಪೆ

ಎದ್ದ ಸಿಪ್ಪೆಯನ್ನು ಬಿಸಾಡಬೇಡಿ, ತಿರುಗಿಸಿ ಅದರ ಬೆನ್ನು ನೋಡಿ. ಬೆನ್ನು ಗಾಜಿನಂತೆ ನುಣುಪಾಗಿದ್ದರೆ ಎರಡು ಕೋಟಿನ ನಡುವೆ ಉಜ್ಜಿಲ್ಲ. ಪುಡಿ ಅಂಟಿದ್ದರೆ ಉಜ್ಜಿದ್ದಾರೆ, ಒರೆಸಿಲ್ಲ. ಮರದ ನಾರು ಅಂಟಿಕೊಂಡು ಬಂದಿದ್ದರೆ ಕೋಟ್ ಚೆನ್ನಾಗಿ ಹಿಡಿದಿತ್ತು, ಒದ್ದೆ ಮರವೇ ಬಿಟ್ಟುಕೊಟ್ಟಿದೆ. ಮೊದಲೆರಡಕ್ಕೆ ಆ ಕೋಟನ್ನು ತೆಗೆದು ಮತ್ತೆ ಹಚ್ಚಬಹುದು. ಮೂರನೆಯದಕ್ಕೆ ಮಾಡು ಸೋರುತ್ತದಾ, ಗೋಡೆ ನೆನೆಯುತ್ತದಾ ಅಂತ ಹುಡುಕಬೇಕು.

ಬೇಸಿಗೆಯಲ್ಲಿ ಐದಾರು ಹಲಗೆಗೊಮ್ಮೆ ದೊಡ್ಡ ಸಂದು ಬಿಟ್ಟು, ಉಳಿದ ಸಂದು ಬಿಗಿಯಾಗಿಯೇ ಇದ್ದರೆ ಅದಕ್ಕೆ ಬೇರೆ ಕಾರಣ. 4 ಇಂಚು ಅಗಲದ ತೇಗದ ಹಲಗೆ ಶೇ 18 ತೇವದಿಂದ ಶೇ 10ಕ್ಕೆ ಇಳಿದರೆ ಒಂದು, ಒಂದೂವರೆ ಮಿ.ಮೀ. ಕುಗ್ಗುತ್ತದೆ. ಸಂದಿಗೆ ಇಳಿದ ಪಿಯು ಹಲಗೆಗಳನ್ನು ಒಂದಕ್ಕೊಂದು ಅಂಟಿಸಿಬಿಟ್ಟಿದ್ದರೆ ಎಲ್ಲ ಕುಗ್ಗುವಿಕೆ ಸೇರಿ ಒಂದೇ ಕಡೆ ಬಾಯಿ ಬಿಡುತ್ತದೆ. ಮುಂದಿನ ಸಲ ಸಂದಿಯ ಮೇಲೆ ಪಿಯು ಕೆರೆಯಂತೆ ನಿಲ್ಲಲು ಬಿಡಬೇಡಿ, ಒಣ ಮರಕ್ಕೇ ಹಚ್ಚಿ. ಆ ಸಂದಿಗೆ ಬೇಸಿಗೆಯಲ್ಲಿ ಗಟ್ಟಿ ಪುಟ್ಟಿ ತುಂಬಬೇಡಿ. ಮಳೆಗಾಲಕ್ಕೆ ಹಲಗೆ ಹಿಗ್ಗಿದಾಗ ಎಲ್ಲಿಗೆ ಹೋಗಬೇಕು?

ಆ ಹೋಂಸ್ಟೇ ಕೋಣೆ

ಕಾಗದದ ಮೇಲೆ ನಕ್ಷೆ ಬರೆದಾಗ ಮೂರೂ ಬಿಡಿಬಿಡಿಯಾಗಿ ಕಂಡವು. ಅಂಟುತ್ತಿದ್ದದ್ದು ಇಡೀ ನೆಲ ಅಲ್ಲ, ಓಡಾಡುವ ದಾರಿಯಲ್ಲಿದ್ದ ಆರು ಬೀಟೆ ಹಲಗೆ. ಕಿಟಕಿಯ ಗುಳ್ಳೆ ಬೆಳಿಗ್ಗೆ ಹಚ್ಚಿ ಬಿಸಿಲು ಬಿದ್ದದ್ದರಿಂದ ಬಂದದ್ದು. ಮಬ್ಬು ಇದ್ದ ಮೂಲೆಯಲ್ಲಿ ಮೀಟರ್ ಶೇ 19 ತೋರಿಸಿತು. ಹೊರಗೆ ಹೋಗಿ ನೋಡಿದರೆ ಮಾಡಿನ ದೋಣಿಯಲ್ಲಿ ಎಲೆ ಕಟ್ಟಿಕೊಂಡು ನೀರು ಗೋಡೆಗೆ ಹರಿಯುತ್ತಿತ್ತು.

ದಸರಾಕ್ಕೆ ನಾನು ಮಾಡಿಕೊಟ್ಟದ್ದು ಇಷ್ಟೇ. ಬೀಟೆ ಹಲಗೆಗಳನ್ನು ಕೆರೆದು, ಒರೆಸಿ, ಅರಗು ಹಚ್ಚಿ ಬಿಟ್ಟೆ. ಮೂಲೆಗೆ ಒಂದು ಬೀರು ಇಡಿಸಿದೆ. "ಈಗ ಪೂರ್ತಿ ಮಾಡಿಬಿಡಿ ಅಣ್ಣ" ಅಂತ ತುಂಬಾ ಕೇಳಿಕೊಂಡರು. ಒಪ್ಪಲಿಲ್ಲ. ದೋಣಿ ಸರಿಮಾಡಿಸಿ, ಹುತ್ತರಿ ಸುಗ್ಗಿಹಬ್ಬ ಕಳೆಯಲಿ ಅಂದೆ. ಜನವರಿ ಮೊದಲ ವಾರ ಮೂಲೆಯಲ್ಲಿ ಶೇ 12 ಬಂತು. ಇಡೀ ನೆಲವನ್ನು 80, ಆಮೇಲೆ 120ರ ಕಾಗದದಲ್ಲಿ ಉಜ್ಜಿ, ಮೂರು ತೆಳು ಕೋಟ್ ಕೊಟ್ಟೆವು. ಪ್ರತಿ ಕೋಟಿನ ನಡುವೆ 220ರಲ್ಲಿ ಉಜ್ಜಿ ಒರೆಸಿದೆವು. ಕೆಲಸ ಮಾಡುವಾಗ ಥಿನ್ನರ್ ಹಬೆ ತಡೆಯುವ ಮಾಸ್ಕ್ ಹಾಕಿದ್ದೆವು. ಬಟ್ಟೆಯ ಮಾಸ್ಕ್‌ನಿಂದ ಏನೂ ಉಪಯೋಗವಿಲ್ಲ. ಒರೆಸಿದ ಬಟ್ಟೆಗಳನ್ನು ನೀರಿನ ಬಕೆಟ್‌ನಲ್ಲಿ ಮುಳುಗಿಸಿಟ್ಟೆವು. ಎಣ್ಣೆಯ ಪಿಯು ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು.

ಎರಡನೇ ದಿನ ಬರಿಗಾಲಿನಲ್ಲಲ್ಲ, ಕಾಲುಚೀಲ ಹಾಕಿಕೊಂಡು ನಡೆಯಲು ಹೇಳಿದೆ. ಮಂಚ ಮತ್ತು ಬೀರುವನ್ನು ಒಂದು ವಾರ ಬಿಟ್ಟು ಎತ್ತಿಯೇ ತಂದಿಡಲು ಹೇಳಿದೆ, ಎಳೆಯಬಾರದು. ಚಾಪೆ, ಜಮಖಾನೆ ಎರಡು ವಾರಕ್ಕಿಂತ ಮೊದಲು ಹಾಸಬೇಡಿ ಅಂದೆ, ಕೆಳಗೆ ಗಾಳಿಯಾಡದೆ ಆ ಜಾಗ ಮಾತ್ರ ಮೆತ್ತಗೆ ಉಳಿದುಬಿಡುತ್ತದೆ.